ಸಬ್‌ಮರೀನ್ ಒಳಗೆ ಉಸಿರಿಗೆ ಯಂತ್ರ ಉಂಟು, ಮ್ಯಾನ್‌ಹೋಲ್ ಒಳಗೆ ಯಾಕಿಲ್ಲ?

ಪೋಸ್ಟ್ ಸ್ವಲ್ಪ ಉದ್ದ ಉಂಟು. ಚಾ ಕುಡೀತಾ ಓದಿ. ಅರ್ಧ ಓದಿ ಬಯ್ಯಲು ಬರಬೇಡಿ, ಪೂರ್ತಿ ಓದಿ ಆಮೇಲೆ ಬಯ್ಯಿರಿ.

ಕೆಲವು ದಿನಗಳಿಂದ ನಮ್ಮ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಿಡಿಯೋ ಓಡಾಡ್ತಾ ಉಂಟು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೂವರೂ ಸೇರಿ ಅಣುಶಕ್ತಿಯಿಂದ ಓಡುವ ಹೊಸ ಮಾದರಿಯ ದಾಳಿ ಸಬ್‌ಮರೀನ್ ಮಾಡ್ತಾರಂತೆ. ಕೆಳಗೆ ಒಬ್ಬರು ಬರೆದಿದ್ದಾರೆ: ಭಾರತವೂ ಈ ಕೂಟಕ್ಕೆ ಸೇರಬೇಕು, ಆಗ ಕಾರವಾರ ಜಗತ್ತಿನ ನಕ್ಷೆಯಲ್ಲಿ ಬರ್ತದೆ, ಕರಾವಳಿಯ ನಸೀಬು ಬದಲಾಗ್ತದೆ. ಅದಕ್ಕೆ ನಮ್ಮ ಕಾಲೊನಿಯ ಹುಡುಗರೂ ಹೆಬ್ಬೆರಳು ಒತ್ತಿದ್ದಾರೆ.

ನಸೀಬು ಯಾರದ್ದು ಬದಲಾಗ್ತದೆ ಎಂದು ನಾನು ಕೇಳಿದೆ. ಅಷ್ಟಕ್ಕೇ ಒಬ್ಬರು ನನ್ನನ್ನು ದೇಶದ್ರೋಹಿ ಅಂದರು. ಇನ್ನೊಬ್ಬರು, ಅವರು ನಮ್ಮವರೇ, "ಅಣ್ಣಾ, ನಮಗೆ ಹಾಸ್ಟೆಲು, ಮೀಸಲಾತಿ, ಡಿಸಿ ಮನ್ನಾ ಜಾಗದ ಹೋರಾಟವೇ ಸಾಕು, ಸಬ್‌ಮರೀನ್ ನಮ್ಮ ವಿಷಯ ಅಲ್ಲ" ಅಂದರು. ಮೊದಲನೆಯವರಿಗೆ ಉತ್ತರ ಕೊಡುವುದು ಸುಲಭ. ಎರಡನೆಯವರಿಗಾಗಿ ಈ ಪೋಸ್ಟ್. ಸಬ್‌ಮರೀನ್ ನಮ್ಮ ವಿಷಯವೇ. ಯಾಕೆ ಎಂದು ಹೇಳ್ತೇನೆ.

ನಾನು ಗುಮಾಸ್ತ. ಫೈಲ್ ಓದುವುದೇ ನನ್ನ ಹೊಟ್ಟೆಪಾಡು. ಒಂದು ಒಪ್ಪಂದ ಕೈಗೆ ಬಂದರೆ ನಾನು ಮೊದಲು ನೋಡುವುದು ಮೂರೇ ಸಂಗತಿ. ಸಹಿ ಯಾರದ್ದು? ದುಡ್ಡು ಯಾರದ್ದು? ನಷ್ಟವಾದರೆ ಹೊಣೆ ಯಾರದ್ದು? ಈ ಸಬ್‌ಮರೀನ್ ಫೈಲನ್ನೂ ಹಾಗೆಯೇ ಬಿಚ್ಚೋಣ.

ಸಹಿ: 2021ರ ಸೆಪ್ಟೆಂಬರ್ 15ರಂದು ಮೂರು ದೇಶಗಳು ಘೋಷಣೆ ಮಾಡಿದವು. ಕೂಟದ ಹೆಸರು ‘ಆಕಸ್’. ಅದಕ್ಕೂ ಮುಂಚೆ ಆಸ್ಟ್ರೇಲಿಯಾ ಫ್ರಾನ್ಸಿನ ಕಂಪನಿಯಿಂದ 12 ಡೀಸೆಲ್ ಸಬ್‌ಮರೀನ್ ಮಾಡಿಸಿಕೊಳ್ಳಲು ಒಪ್ಪಿತ್ತು. ಅದನ್ನು ಅರ್ಧದಲ್ಲಿ ಬಿಟ್ಟಿತು. ಬಿಟ್ಟದ್ದಕ್ಕೇ 55.5 ಕೋಟಿ ಯೂರೋ ಕಟ್ಟಬೇಕಾಯಿತು. ಒಂದು ಸಬ್‌ಮರೀನೂ ಬರಲಿಲ್ಲ. ನಂತರ 2023ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮೂವರು ನಾಯಕರು ನಿಂತು ಯೋಜನೆ ಹೇಳಿದರು. ಮೊದಲು ಅಮೆರಿಕದ ‘ವರ್ಜೀನಿಯಾ’ ಮಾದರಿಯ ಮೂರು ಸಬ್‌ಮರೀನ್ ಆಸ್ಟ್ರೇಲಿಯಾಕ್ಕೆ ಮಾರಾಟ, ಬೇಕಾದರೆ ಇನ್ನೂ ಎರಡು. ಆಮೇಲೆ ಬ್ರಿಟನ್ ಮತ್ತು ಆಸ್ಟ್ರೇಲಿಯಾ ಸೇರಿ ಹೊಸ ಮಾದರಿ ಕಟ್ಟುವುದು, ಬ್ರಿಟನ್ನಿನ ಬ್ಯಾರೋದಲ್ಲಿ ಮತ್ತು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ಅಡಿಲೇಡಿನಲ್ಲಿ ಕಟ್ಟಿದ ಮೊದಲ ಸಬ್‌ಮರೀನ್ ನೀರಿಗಿಳಿಯುವುದು 2040ರ ದಶಕದಲ್ಲಿ. ಇವತ್ತು ಹುಟ್ಟಿದ ಮಗು ಆಗ ಡಿಗ್ರಿ ಓದ್ತಾ ಇರ್ತದೆ.

ದುಡ್ಡು: 2050ರ ದಶಕದ ಮಧ್ಯದವರೆಗೆ 268ರಿಂದ 368 ಶತಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಅಲ್ಲಿನ ಸರ್ಕಾರವೇ ಹೇಳಿದೆ. ದೊಡ್ಡ ಅಂಕಿ ಹಿಡಿದರೆ ನಮ್ಮ ಲೆಕ್ಕದಲ್ಲಿ ಸುಮಾರು 20 ಲಕ್ಷ ಕೋಟಿ ರೂಪಾಯಿ. ಕರ್ನಾಟಕದ 2025-26ರ ಇಡೀ ಬಜೆಟ್ 4 ಲಕ್ಷ ಕೋಟಿಯಷ್ಟು. ಅಂದರೆ ನಮ್ಮ ರಾಜ್ಯದ ಶಾಲೆ, ಆಸ್ಪತ್ರೆ, ರಸ್ತೆ, ಸಂಬಳ, ಪಿಂಚಣಿ, ಗ್ಯಾರಂಟಿ ಎಲ್ಲವನ್ನೂ ಐದು ವರ್ಷ ನಡೆಸುವ ದುಡ್ಡು. ಅದರಲ್ಲಿ ಅಮೆರಿಕದ ಹಡಗು ಕಾರ್ಖಾನೆಗಳನ್ನು ಸುಧಾರಿಸಲು ಆಸ್ಟ್ರೇಲಿಯಾ ಕೊಡುವ 3 ಶತಕೋಟಿ ಅಮೆರಿಕನ್ ಡಾಲರೂ ಸೇರಿದೆ. ಅದರ ಮೊದಲ ಕಂತು 50 ಕೋಟಿ ಡಾಲರ್ 2025ರ ಫೆಬ್ರವರಿಯಲ್ಲೇ ಹೋಯಿತು. ಸಬ್‌ಮರೀನ್ ಕೊಡುವ ಮುಂಚೆ ಮಾತ್ರ ಅಮೆರಿಕದ ಅಧ್ಯಕ್ಷರು, ಇದನ್ನು ಕೊಟ್ಟರೆ ನಮ್ಮ ನೌಕಾಪಡೆಗೆ ತೊಂದರೆ ಇಲ್ಲ ಎಂದು ತಮ್ಮ ಸಂಸತ್ತಿಗೆ 270 ದಿನ ಮೊದಲೇ ಬರೆದು ಕೊಡಬೇಕು. ಬರೆದು ಕೊಡದಿದ್ದರೆ? ಕಂತು ಕಟ್ಟಿದವನು ಕಾಯುವುದು.

ಹೊಣೆ: 2024ರ ಆಗಸ್ಟ್‌ನಲ್ಲಿ ಮೂವರೂ ಸಹಿ ಹಾಕಿದ ಇನ್ನೊಂದು ಕಾಗದ ಉಂಟು. ಈ ಸಬ್‌ಮರೀನುಗಳ ಅಣು ಸಾಮಗ್ರಿಯಿಂದ ಏನಾದರೂ ಹಾನಿಯಾದರೆ ಅಮೆರಿಕ ಮತ್ತು ಬ್ರಿಟನ್ ಮೇಲೆ ನಷ್ಟ ಬೀಳದ ಹಾಗೆ ಆಸ್ಟ್ರೇಲಿಯಾ ನೋಡಿಕೊಳ್ಳಬೇಕು. ಅವಧಿ ಮುಗಿದ ಮೇಲೆ ಒಳಗಿನ ಇಂಧನವನ್ನು ಎಲ್ಲಿ ಹೂಳುವುದು ಎಂಬುದೂ ಆಸ್ಟ್ರೇಲಿಯಾದ್ದೇ ತಲೆನೋವು. ಅದು ಬಾಂಬಿಗೆ ಬಳಸುವ ಮಟ್ಟಕ್ಕೆ ಸಾಂದ್ರಗೊಳಿಸಿದ ಯುರೇನಿಯಂ. ಸಾವಿರಾರು ವರ್ಷ ಕಾಯಬೇಕಾದ ವಸ್ತು.

ನಮ್ಮ ಕಚೇರಿ ಭಾಷೆಯಲ್ಲಿ ಇದನ್ನು ಜಾಮೀನು ಹಾಕುವುದು ಅಂತ ಹೇಳ್ತೇವೆ. ಸಾಲ ಒಬ್ಬನದ್ದು, ಜಾಮೀನು ಇನ್ನೊಬ್ಬನದ್ದು. ಆದರೆ ಆಸ್ಟ್ರೇಲಿಯಾ ಸರ್ಕಾರ ಹಾಕಿದ ಜಾಮೀನಿಗೆ ನಿಜವಾಗಿ ಆಸ್ತಿ ಇಟ್ಟವರು ಯಾರು ಗೊತ್ತುಂಟಾ? ಆ ಕಾಗದದಲ್ಲಿ ಹೆಸರೇ ಇಲ್ಲದವರು.

ಆ ದೇಶದ ಮೂಲನಿವಾಸಿಗಳ ಕಥೆ ನಮ್ಮ ಹುಡುಗರು ಓದಬೇಕು. 1952ರಿಂದ 1963ರವರೆಗೆ ಬ್ರಿಟನ್ ತನ್ನ ಅಣುಬಾಂಬ್ ಪ್ರಯೋಗ ಮಾಡಿದ್ದು ಬ್ರಿಟನ್ನಿನಲ್ಲಿ ಅಲ್ಲ, ಆಸ್ಟ್ರೇಲಿಯಾದಲ್ಲಿ. ಮಾಂಟೆಬೆಲೊ ದ್ವೀಪ, ಇಮು ಫೀಲ್ಡ್, ಮರಲಿಂಗಾ. ಆಗಲೂ ಮಿತ್ರರೇ. ಬಾಂಬು ಒಬ್ಬ ಮಿತ್ರನದ್ದು, ನೆಲ ಇನ್ನೊಬ್ಬ ಮಿತ್ರನದ್ದು ಎಂದು ಇಬ್ಬರೂ ಅಂದುಕೊಂಡಿದ್ದರು. ನೆಲ ಮೂಲನಿವಾಸಿಗಳದ್ದಾಗಿತ್ತು. ಅವರನ್ನು ಎಬ್ಬಿಸಿ ಬೇರೆ ಕಡೆ ಸಾಗಿಸಿದರು. 1953ರ ಸ್ಫೋಟದ ನಂತರ ಕಪ್ಪು ಮಂಜು ಬಂದು ಕವಿಯಿತು ಎಂದು ಹೇಳಿದವರಲ್ಲಿ ಯಾಮಿ ಲೆಸ್ಟರ್ ಒಬ್ಬರು. ಆಗ ಅವರಿನ್ನೂ ಹುಡುಗ. ಆಮೇಲೆ ಕಣ್ಣು ಹೋಯಿತು. ಆ ಕುರುಡ ಮನುಷ್ಯ ಹೋರಾಡಿದ್ದರಿಂದಲೇ 1984ರಲ್ಲಿ ತನಿಖಾ ಆಯೋಗ ಬಂತು. ಪ್ರಯೋಗ ನಡೆದ ಕಾಲದಲ್ಲಿ ಆ ದೇಶದ ಸಂವಿಧಾನ ಜನಸಂಖ್ಯೆಯ ಲೆಕ್ಕದಲ್ಲಿ ಈ ಜನರನ್ನು ಸೇರಿಸುತ್ತಲೇ ಇರಲಿಲ್ಲ. ಅದು ಬದಲಾದದ್ದು 1967ರಲ್ಲಿ. ಲೆಕ್ಕದಲ್ಲಿ ಇಲ್ಲದವನ ತಲೆ ಮೇಲೆ ಬಾಂಬು ಹಾಕಿದರೆ ಯಾರೂ ಸತ್ತ ಹಾಗೆ ಅಲ್ಲವಲ್ಲ!

ಅದು ಹಳೇ ಕಥೆ ಅಂತೀರಾ? ಮೊನ್ನೆ ಮೊನ್ನೆಯದ್ದು ಕೇಳಿ. ದಕ್ಷಿಣ ಆಸ್ಟ್ರೇಲಿಯಾದ ಕಿಂಬಾ ಎಂಬ ಊರಿನ ಹತ್ತಿರ ಅಣುತ್ಯಾಜ್ಯ ಇಡುವ ಕೇಂದ್ರ ಮಾಡಲು ಹೊರಟರು. ಸಬ್‌ಮರೀನಿನದ್ದಲ್ಲ, ಆಸ್ಪತ್ರೆ, ಸಂಶೋಧನೆ ಇತ್ಯಾದಿಯ ತ್ಯಾಜ್ಯ. ಊರವರ ಮತ ಕೇಳಿದರು. ಯಾರ ಮತ? ಆ ಸ್ಥಳೀಯ ಆಡಳಿತದ ಮತಪಟ್ಟಿಯಲ್ಲಿ ಇದ್ದವರದ್ದು. ಆ ನೆಲದ ಮೂಲ ಹಕ್ಕುದಾರರೆಂದು ಕೋರ್ಟೇ ಒಪ್ಪಿದ್ದ ಬಾರ್ಂಗಾರ್ಲ ಜನರಿಗೆ, ನೀವು ಆ ಪಟ್ಟಿಯಲ್ಲಿ ಇಲ್ಲ ಎಂದು ಮತ ಕೊಡಲಿಲ್ಲ. ಅವರು ತಮ್ಮದೇ ಮತದಾನ ಮಾಡಿಕೊಂಡರು, ಒಂದೇ ಒಂದು ‘ಹೌದು’ ಬೀಳಲಿಲ್ಲ. ಕೋರ್ಟಿಗೆ ಹೋದರು, 2023ರ ಜುಲೈಯಲ್ಲಿ ಗೆದ್ದರು. ಮುಂದಿನ ತಿಂಗಳು ಸರ್ಕಾರ ಯೋಜನೆ ಕೈಬಿಟ್ಟಿತು. ಸಣ್ಣ ತ್ಯಾಜ್ಯಕ್ಕೇ ಇಷ್ಟು. ಸಬ್‌ಮರೀನಿನ ಇಂಧನ ಹೂಳಲು ನಾಳೆ ಯಾರ ಅಂಗಳ ಹುಡುಕುತ್ತಾರೆ? ಸಿಡ್ನಿಯ ಶ್ರೀಮಂತರ ಕಡಲ ದಂಡೆಯನ್ನಂತೂ ಅಲ್ಲ.

ಪಟ್ಟಿಯಲ್ಲಿ ಹೆಸರಿಲ್ಲ. ಈ ಮಾತು ನಮಗೆ ಹೊಸತಾ? ಇಲ್ಲಿಂದ ನಮ್ಮ ಊರಿಗೆ ಬರ್ತೇನೆ.

ನಮ್ಮ ದೇಶವೂ ಅಣು ಸಬ್‌ಮರೀನನ್ನು ಒಬ್ಬನೇ ಮಾಡಿದ್ದಲ್ಲ. ಮೊದಲನೆಯದ್ದು 1988ರಲ್ಲಿ ಸೋವಿಯತ್ ರಷ್ಯಾದಿಂದ ಮೂರು ವರ್ಷಕ್ಕೆ ಬಾಡಿಗೆಗೆ ತಂದದ್ದು, ಹೆಸರು ‘ಚಕ್ರ’. ಎರಡನೇ ‘ಚಕ್ರ’ 2012ರಲ್ಲಿ ಬಂತು, ಅದೂ ಬಾಡಿಗೆಗೆ, ಸುಮಾರು ನೂರು ಕೋಟಿ ಡಾಲರ್. 2021ರಲ್ಲಿ ವಾಪಸ್ ಹೋಯಿತು. 2019ರಲ್ಲೇ ಮೂರನೆಯದ್ದಕ್ಕೆ 300 ಕೋಟಿ ಡಾಲರಿನ ಕರಾರು ಆಗಿದೆ. ನೋಡಿ, ರಷ್ಯಾದಿಂದ ಅಣು ಸಬ್‌ಮರೀನ್ ಬಾಡಿಗೆಗೆ ಸಿಗ್ತದೆ. ಇದೇ ಮಂಗಳೂರಲ್ಲಿ ನಾನು ಬಾಡಿಗೆ ಮನೆ ಹುಡುಕಿದಾಗ, ಅಡ್ವಾನ್ಸ್ ಮಾತಾಡಿ ಆದ ಮೇಲೆ "ನೀವು ಯಾವ ಜನ?" ಎಂಬ ಪ್ರಶ್ನೆ ಬಂದು ಮೂರು ಮನೆ ತಪ್ಪಿತು. ಓದುವ ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಆಗಿಲ್ಲ, ಹೇಳಿ.

ಆ ಎರಡನೇ ಚಕ್ರದ ಹಿಂದೆ ಒಂದು ಸಾವಿನ ಕಥೆ ಉಂಟು. ರಷ್ಯಾದಲ್ಲಿ ಅದರ ಹೆಸರು ‘ನೆರ್ಪಾ’. 2008ರ ನವೆಂಬರ್ 8ರಂದು ಸಮುದ್ರದಲ್ಲಿ ಪರೀಕ್ಷೆ ನಡೆಯುವಾಗ ಬೆಂಕಿ ಆರಿಸುವ ಅನಿಲ ಬೆಂಕಿಯೇ ಇಲ್ಲದೆ ಒಳಗೆ ಬಿಡುಗಡೆಯಾಯಿತು. ಉಸಿರು ಕಟ್ಟಿ 20 ಮಂದಿ ಸತ್ತರು. ಅವರಲ್ಲಿ 17 ಮಂದಿ ಸೈನಿಕರಲ್ಲ, ಕೆಲಸಕ್ಕೆ ಬಂದ ನಾಗರಿಕರು. ಅದೇ ಹಡಗು ದುರಸ್ತಿಯಾಗಿ ನಮಗೆ ಬಂತು, ನಾವು ತೆಂಗಿನಕಾಯಿ ಒಡೆದು ಬರಮಾಡಿಕೊಂಡೆವು.

ನಮ್ಮದೇ ‘ಅರಿಹಂತ್’ 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಯಿತು. ಆ ದಿನ ಪ್ರಧಾನಿ ಮನಮೋಹನ್ ಸಿಂಗ್ ರಷ್ಯಾದ ಸಹಕಾರಕ್ಕೆ ಬಹಿರಂಗವಾಗಿ ಕೃತಜ್ಞತೆ ಹೇಳಿದರು. 2024ರಲ್ಲಿ ‘ಅರಿಘಾತ್’ ಸೇರಿತು. ಇವು ಅಣ್ವಸ್ತ್ರ ಕ್ಷಿಪಣಿ ಹೊರುವಂಥವು. ಆಸ್ಟ್ರೇಲಿಯಾ ಮಾಡಿಸುವುದು ಬೇರೆ ಬಗೆ, ಅಣುಶಕ್ತಿಯಿಂದ ಓಡುವ, ಆದರೆ ಶತ್ರುವಿನ ಹಡಗು-ಸಬ್‌ಮರೀನ್ ಬೇಟೆಯಾಡುವಂಥದು. ಅಂಥದ್ದೇ ಎರಡನ್ನು ಇಲ್ಲಿ ಕಟ್ಟಲು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಸುಮಾರು 40 ಸಾವಿರ ಕೋಟಿ ಎಂದು ಪತ್ರಿಕೆಗಳು ಬರೆದವು. ಹಾಗಾಗಿ ವಾಟ್ಸಾಪ್ ಅಣ್ಣಂದಿರೇ, ಭಾರತ ಆ ಕೂಟಕ್ಕೆ ಸೇರಬೇಕು ಎಂದು ನೀವು ಒತ್ತಾಯಿಸಬೇಕಾಗಿಲ್ಲ. ಅದೇ ದಾರಿಯಲ್ಲಿ ನಾವು ಬೇರೆ ಮಿತ್ರರ ಜೊತೆ ನಡೀತಾ ಇದ್ದೇವೆ.

ಈ ಒಲೆಗೆ ಸೌದೆ ಎಲ್ಲಿಂದ? ಯುರೇನಿಯಂ 1960ರ ದಶಕದಿಂದ ಬರುವುದು ಜಾರ್ಖಂಡಿನ ಜಾದುಗುಡದಿಂದ, ಸಂತಾಲ, ಹೋ ಆದಿವಾಸಿಗಳ ನೆಲದಿಂದ. ಗಣಿಯ ರಾಡಿ ನಿಲ್ಲುವುದು ಅವರ ಮನೆಗಳ ಪಕ್ಕದ ಕೆರೆಗಳಲ್ಲಿ. ಅದನ್ನು ಸಾಂದ್ರಗೊಳಿಸುವ ಕಾರ್ಖಾನೆ ನಮ್ಮ ಮೈಸೂರಿನ ಪಕ್ಕದ ರತ್ನಹಳ್ಳಿಯಲ್ಲಿ. ಇನ್ನೊಂದು ದೊಡ್ಡ ಘಟಕಕ್ಕೆಂದು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲು ಕೊಟ್ಟದ್ದು, ಕುರಿ ಕಾಯುವವರು, ಕಂಬಳಿ ನೇಯುವವರು ಬೇಲಿಯ ಹೊರಗೆ ನಿಂತದ್ದು ಎಲ್ಲ ನಮ್ಮ ರಾಜ್ಯದಲ್ಲೇ ಆಯಿತು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಹುಡುಕಲು ನೆಲ ಕೊರೆದಾಗ ಊರವರು ಎದ್ದು ನಿಂತರು. ಒಂದು ಸಬ್‌ಮರೀನ್ ಸಮುದ್ರಕ್ಕೆ ಇಳಿಯುವ ಮೊದಲು ಎಷ್ಟು ಊರುಗಳ ನೆಲ ಹತ್ತಿ ಬರ್ತದೆ ನೋಡಿ.

ಈಗ ಕಾರವಾರ. ‘ಕಾರವಾರ ಜಗತ್ತಿನ ನಕ್ಷೆಗೆ ಬರ್ತದೆ’ ಅಂದರಲ್ಲ? ಬಂದು 40 ವರ್ಷ ಆಯಿತು. ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ ‘ಐಎನ್‌ಎಸ್ ಕದಂಬ’ ಎಂದು ಶುರುವಾಯಿತು. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಮಂತ್ರಿ ಬಂದು ವಿಸ್ತರಣೆಯ ಕಾಮಗಾರಿಗಳನ್ನು ಉದ್ಘಾಟಿಸಿದರು. ಈ ಹಂತ ಮುಗಿದರೆ ಅಲ್ಲಿ 32 ಹಡಗು, ಸಬ್‌ಮರೀನ್ ನಿಲ್ಲಬಹುದು. ಅದಕ್ಕೆ ಹೋದದ್ದು ಅರ್ಗಾ, ಬಿಣಗಾದಿಂದ ಅಂಕೋಲಾ ತಾಲ್ಲೂಕಿನವರೆಗೆ ಸುಮಾರು 11 ಸಾವಿರ ಎಕರೆ, ಎದ್ದದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ. ಅದೇ ಕಾರವಾರ ತಾಲ್ಲೂಕಿನಲ್ಲಿ ಕೈಗಾ ಬೇರೆ, ಕದ್ರಾ ಅಣೆಕಟ್ಟು ಬೇರೆ. ಪರಿಹಾರ ಸಾಲದೆಂದು ಕೋರ್ಟಿಗೆ ಹೋದವರು ದಶಕಗಟ್ಟಲೆ ಅಲೆದರು. ಅರ್ಜಿ ಹಾಕಿದ ಅಪ್ಪ ಸತ್ತು ಮಗ ಸಹಿ ಹಾಕಿದ ಫೈಲುಗಳು ಎಂಥವು ಎಂದು ಕಚೇರಿಯಲ್ಲಿ ಕೂತವನಿಗೆ ಗೊತ್ತಾಗ್ತದೆ.

ಆದರೆ ಅವರಿಗೆ ಅಲೆಯಲು ಒಂದು ಫೈಲಾದರೂ ಇತ್ತು. ನಾನು ಕೇಳುವುದು ಫೈಲೇ ಇಲ್ಲದವರ ಬಗ್ಗೆ. ಆಗ ಇದ್ದದ್ದು ಬ್ರಿಟಿಷರು ಮಾಡಿದ 1894ರ ಭೂಸ್ವಾಧೀನ ಕಾಯ್ದೆ. ಅದು ಬೆಲೆ ಕಟ್ಟುವುದು ಭೂಮಿಗೆ, ಮರಕ್ಕೆ, ಕಟ್ಟಡಕ್ಕೆ. ಪಹಣಿಯಲ್ಲಿ ಹೆಸರಿದ್ದವನಿಗೆ ದುಡ್ಡು. ಆ ಗದ್ದೆಯಲ್ಲಿ ಮೂರು ತಲೆಮಾರು ನೇಜಿ ನೆಟ್ಟವಳಿಗೆ, ಕೂಲಿ ಮಾಡಿದವನಿಗೆ, ಇನ್ನೊಬ್ಬರ ಜಾಗದ ಮೂಲೆಯಲ್ಲಿ ಗುಡಿಸಲು ಹಾಕಿದವನಿಗೆ ಆ ಕಾಯ್ದೆಯಲ್ಲಿ ಬೆಲೆಯೇ ಇರಲಿಲ್ಲ. ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ಒಂದು ತುಂಡು ಭೂಮಿ ಸಿಗದೆ ಸತ್ತವನ ಕಥೆ ಬರೆದರು. ಅದೇ ಕಾರಂತರು ಮುಂದೆ ಕೈಗಾ ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೂ ನಿಂತರು. ಅವರ ಮೇಲೆ ಗೌರವ ಉಂಟು. ಆದರೆ ಆ ಹೋರಾಟಗಳಲ್ಲಿ ಕಾಡಿನ ಬಗ್ಗೆ, ಕಡಲಿನ ಬಗ್ಗೆ, ಅಡಿಕೆ ತೋಟದ ಬಗ್ಗೆ ಮಾತು ಬಂದಷ್ಟು ಚೋಮನ ಬಗ್ಗೆ ಬರಲಿಲ್ಲ. ಭೂಮಿಯೇ ಇಲ್ಲದ ಚೋಮ ಭೂಮಿ ಕಳೆದುಕೊಳ್ಳುವುದು ಹೇಗೆ ಎಂದು ಎರಡೂ ಕಡೆಯವರು ಅಂದುಕೊಂಡರೇನೋ.

2013ರ ಹೊಸ ಕಾಯ್ದೆಯಲ್ಲಿ ಕೂಲಿಯವರನ್ನೂ ಬಾಧಿತರು ಎಂದು ಸೇರಿಸಿದ್ದಾರೆ, ಒಳ್ಳೆಯದು. ಆದರೆ ಅದರ 40ನೇ ಕಲಮು ಓದಿ. ದೇಶದ ರಕ್ಷಣೆ ಎಂದರೆ ತುರ್ತಾಗಿ ವಶ ಮಾಡಿಕೊಳ್ಳಬಹುದು. ಎಲ್ಲಿ ನಮ್ಮ ಪ್ರಶ್ನೆ ಹೆಚ್ಚು ಬೇಕೋ ಅಲ್ಲೇ ಪ್ರಶ್ನೆಗೆ ಸಮಯ ಕಡಿಮೆ. ಇನ್ನು ನಮ್ಮ ಜಿಲ್ಲೆಯ ಡಿಸಿ ಮನ್ನಾ ಭೂಮಿ ನೋಡಿ. ಬ್ರಿಟಿಷರ ಕಾಲದಲ್ಲೇ ನಮ್ಮ ಜನಕ್ಕೆಂದು ತೆಗೆದಿಟ್ಟ ಜಾಗ ಅದು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರು ಇವತ್ತಿಗೂ ಇದ್ದಾರೆ. ಆಗ ಮಾತ್ರ ಸರ್ವೆ ಆಗಬೇಕು, ಒತ್ತುವರಿ ನೋಡಬೇಕು, ಮೇಲಿಂದ ಆದೇಶ ಬರಬೇಕು. ಹನ್ನೊಂದು ಸಾವಿರ ಎಕರೆ ಬಿಡಿಸಲು ಗೊತ್ತಿರುವ ಸರ್ಕಾರಕ್ಕೆ ಹತ್ತು ಸೆಂಟ್ಸ್ ಬಿಡಿಸಲು ಬರುವುದಿಲ್ಲವಾ?

ನೆಲದ ಕಥೆ ಹೀಗಾದರೆ ಕಡಲಿನದ್ದು? ಆಸ್ಟ್ರೇಲಿಯಾ ಕೈಬಿಟ್ಟ ಆ ಫ್ರೆಂಚ್ ಕಂಪನಿಯ ಸಹಯೋಗದಲ್ಲೇ ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಆರು ‘ಕಲ್ವರಿ’ ಮಾದರಿಯ ಡೀಸೆಲ್ ಸಬ್‌ಮರೀನ್ ಕಟ್ಟಿದರು. ಅದರಲ್ಲಿ ಒಂದು ‘ಕರಂಜ್’. 2024ರ ನವೆಂಬರ್ 21ರಂದು ಗೋವಾದ ಆಚೆ ಅದಕ್ಕೂ ‘ಮಾರ್ಥೋಮ’ ಎಂಬ ಮೀನುಗಾರಿಕಾ ಬೋಟಿಗೂ ಡಿಕ್ಕಿಯಾಯಿತು. 13 ಮಂದಿಯಲ್ಲಿ 11 ಮಂದಿ ಬದುಕಿದರು, ಇಬ್ಬರು ಸತ್ತರು. ತಪ್ಪು ಬೋಟಿನದ್ದು ಎಂದು ನೌಕಾಪಡೆ ಹೇಳ್ತದೆ. ಅದನ್ನು ಕೋರ್ಟು ನೋಡಲಿ. ಮಲ್ಪೆಯ ‘ಸುವರ್ಣ ತ್ರಿಭುಜ’ವನ್ನು ನಾವು ಯಾರೂ ಮರೆತಿಲ್ಲ. 2018ರ ಡಿಸೆಂಬರ್‌ನಲ್ಲಿ ಏಳು ಮಂದಿಯೊಂದಿಗೆ ಕಾಣೆಯಾಯಿತು. 2019ರ ಮೇಯಲ್ಲಿ ಮಾಲ್ವಣದ ಆಚೆ ಕಡಲ ತಳದಲ್ಲಿ ಅವಶೇಷ ಸಿಕ್ಕಿತು, ಹುಡುಕಿದ್ದೂ ನೌಕಾಪಡೆಯೇ. ನೌಕಾಪಡೆಯ ಹಡಗೇ ತಾಗಿರಬಹುದು ಎಂಬ ಅನುಮಾನ ಮೀನುಗಾರರ ಮನಸ್ಸಿಂದ ಹೋಗಲಿಲ್ಲ. ಹೋಗುವ ಹಾಗೆ ಯಾರೂ ಉತ್ತರ ಕೊಡಲಿಲ್ಲ. ಬೋಟಿನಲ್ಲಿ ಇರುವವನು ಮೊಗವೀರನಾ, ಖಾರ್ವಿಯಾ, ಮುಸ್ಲಿಮನಾ, ಕಲಾಸಿಯಾಗಿ ಹೋದ ನಮ್ಮ ಹುಡುಗನಾ ಎಂದು ಸಬ್‌ಮರೀನ್ ಕೇಳುವುದಿಲ್ಲ. ಹಾಗಾಗಿ ಈ ಪ್ರಶ್ನೆಯಲ್ಲಿ ಕರಾವಳಿಯ ಬಡವರೆಲ್ಲ ಒಂದಾಗಲೇಬೇಕು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರ್ತೇನೆ.

ಡೀಸೆಲ್ ಸಬ್‌ಮರೀನ್ ಬ್ಯಾಟರಿ ಚಾರ್ಜ್ ಮಾಡಲು ಆಗಾಗ ಮೇಲಕ್ಕೆ ಬಂದು ಗಾಳಿ ಎಳೀಬೇಕು. ಅಣು ಸಬ್‌ಮರೀನಿಗೆ ಅದು ಬೇಡ. ಒಳಗಿನ ವಿದ್ಯುತ್ತಿನಿಂದ ನೀರನ್ನೇ ಒಡೆದು ಆಮ್ಲಜನಕ ಮಾಡ್ತದೆ. ಬಿಟ್ಟ ಉಸಿರಿನ ಕೆಟ್ಟ ಗಾಳಿ ಹೀರಲು ಬೇರೆ ಯಂತ್ರ. ಕುಡಿಯುವ ನೀರೂ ಸಮುದ್ರದ್ದೇ, ಉಪ್ಪು ತೆಗೆದದ್ದು. ನೂರು ಮಂದಿ ತಿಂಗಳುಗಟ್ಟಲೆ ಸಮುದ್ರದ ಅಡಿಯಲ್ಲಿ ಇರಬಹುದು. ಮೇಲೆ ಬರಬೇಕಾಗುವುದು ಗಾಳಿ ಮುಗಿದು ಅಲ್ಲ, ಅಕ್ಕಿ-ಬೇಳೆ ಮುಗಿದು. ಮನುಷ್ಯನ ಬುದ್ಧಿಗೆ ನಾನೂ ಕೈ ಮುಗೀತೇನೆ.

ಅದೇ ಬುದ್ಧಿ ಹತ್ತು ಅಡಿ ಮ್ಯಾನ್‌ಹೋಲಿನ ಬಾಯಲ್ಲಿ ಎಲ್ಲಿಗೆ ಹೋಗ್ತದೆ? 2019ರಿಂದ 2023ರವರೆಗೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವಾಗ 377 ಮಂದಿ ಸತ್ತರು ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಈ ಕೆಲಸ ಮಾಡುವವರ ಪಟ್ಟಿ ಮಾಡಿಸಿದಾಗ ನೂರಕ್ಕೆ 68ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಜಾತಿಯವರು. ಪಹಣಿಯಲ್ಲಿ ಇಲ್ಲದ ಹೆಸರು, ಸ್ಥಳೀಯ ಮತಪಟ್ಟಿಯಲ್ಲಿ ಇಲ್ಲದ ಹೆಸರು ಇಂಥ ಪಟ್ಟಿಯಲ್ಲಿ ಮಾತ್ರ ತಪ್ಪದೆ ಸಿಗ್ತದೆ. ನಮ್ಮ ರಾಜ್ಯದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಕೆಜಿಎಫ್‌ನ ಮಗ ಬೆಜವಾಡ ವಿಲ್ಸನ್ ದೇಶವಿಡೀ ಹೋರಾಟ ಕಟ್ಟಿದರು. 2013ರಲ್ಲಿ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಕುಟುಂಬಕ್ಕೆ 10 ಲಕ್ಷ ಅಂದಿತು, 2023ರಲ್ಲಿ 30 ಲಕ್ಷ ಅಂದಿತು. ಹೆಣದ ಬೆಲೆ ಏರ್ತಾ ಹೋಯಿತು, ಹೆಣ ಬೀಳುವುದು ನಿಲ್ಲಲಿಲ್ಲ. ನಮ್ಮ ಬಜಪೆಯ ಹತ್ತಿರ ವಿಶೇಷ ಆರ್ಥಿಕ ವಲಯದ ಮೀನು ಘಟಕದ ತ್ಯಾಜ್ಯದ ತೊಟ್ಟಿಯಲ್ಲಿ 2022ರ ಏಪ್ರಿಲ್‌ನಲ್ಲಿ ವಿಷಗಾಳಿಗೆ ಐವರು ಸತ್ತರು, ಎಲ್ಲರೂ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದ ಕಾರ್ಮಿಕರು.

ತಂತ್ರಜ್ಞಾನ ಇಲ್ಲ ಎಂದು ಇನ್ನು ಮುಂದೆ ನನಗೆ ಯಾರೂ ಹೇಳಬೇಡಿ. ದುಡ್ಡಿಲ್ಲ ಎಂದೂ ಹೇಳಬೇಡಿ. ಸಮುದ್ರದ ತಳದಲ್ಲಿ ಉಸಿರಾಡಿಸಲು ಗೊತ್ತಿದ್ದವರಿಗೆ ರಸ್ತೆಯ ತಳದಲ್ಲಿ ಉಸಿರಾಡಿಸಲು ಗೊತ್ತಿಲ್ಲ ಎಂದರೆ ಅದು ವಿಜ್ಞಾನದ ಕೊರತೆ ಅಲ್ಲ, ಅದು ಜಾತಿ.

"ಹಾಗಾದರೆ ದೇಶಕ್ಕೆ ರಕ್ಷಣೆ ಬೇಡವಾ? ಚೀನಾ ಹಿಂದೂ ಮಹಾಸಾಗರಕ್ಕೆ ಸಬ್‌ಮರೀನ್ ಕಳಿಸ್ತದಲ್ಲ?" ಸರಿ, ಕಳಿಸ್ತದೆ. ರಕ್ಷಣೆ ಬೇಕು. ಗಡಿಯಲ್ಲಿ ನಿಂತವರಲ್ಲಿ ನಮ್ಮ ಮಕ್ಕಳು ಕಡಿಮೆಯೇನಿಲ್ಲ. 1941ರಲ್ಲಿ ಮಹಾರ್ ರೆಜಿಮೆಂಟ್ ಆಗಲು ಬಾಬಾಸಾಹೇಬರೇ ಒತ್ತಾಯಿಸಿದವರು. ದೇಶಪ್ರೇಮದ ಪಾಠ ನಮಗೆ ಬೇಡ.

ಆದರೆ ಅದೇ ಬಾಬಾಸಾಹೇಬರು 1951ರಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟಾಗ ಹೇಳಿಕೆಯಲ್ಲಿ ಏನು ಬರೆದರು? ಎಲ್ಲರೂ ಹಿಂದೂ ಕೋಡ್ ಬಿಲ್ ಮಾತ್ರ ನೆನಪಿಡ್ತಾರೆ. ಪರಿಶಿಷ್ಟರ ಬಗ್ಗೆ ಸರ್ಕಾರದ ಅಸಡ್ಡೆ ಎಂಬ ಕಾರಣ ಬರೆದ ಅದೇ ಕಾಗದದಲ್ಲಿ ವಿದೇಶ ನೀತಿಯ ಕಾರಣವೂ ಉಂಟು. ಸ್ವಾತಂತ್ರ್ಯ ಬಂದಾಗ ಎಲ್ಲರೂ ಮಿತ್ರರಾಗಿದ್ದರು, ನಾಲ್ಕೇ ವರ್ಷದಲ್ಲಿ ನಮಗೆ ಮಿತ್ರರೇ ಇಲ್ಲದ ಹಾಗಾಯಿತು ಎಂದರು. ವರ್ಷಕ್ಕೆ 350 ಕೋಟಿ ಆದಾಯ ಬಂದರೆ ಅದರಲ್ಲಿ 180 ಕೋಟಿ ಸೈನ್ಯಕ್ಕೆ ಹೋಗ್ತದೆ ಎಂದು ಲೆಕ್ಕ ಹೇಳಿದರು. ಅವರು ಸೈನ್ಯ ಬೇಡ ಅನ್ನಲಿಲ್ಲ. ಲೆಕ್ಕ ಕೇಳಿದರು. ಮಿತ್ರ ಯಾರು, ಖರ್ಚು ಎಷ್ಟು, ಹಸಿದವರಿಗೆ ಏನು ಉಳಿಯಿತು ಎಂದು ಕೇಳಿದರು. ವಿದೇಶ ನೀತಿ ನಮ್ಮ ವಿಷಯ ಅಲ್ಲ ಎಂದು ಬಾಬಾಸಾಹೇಬರು ಹೇಳಲಿಲ್ಲ. ನಮ್ಮ ಅಣ್ಣಂದಿರು ಯಾಕೆ ಹೇಳ್ತಾರೆ?

ಹಾಗಾಗಿ ನನ್ನ ಬೇಡಿಕೆ ಸಬ್‌ಮರೀನ್ ಬೇಡ ಎಂದಲ್ಲ. ನಮ್ಮ ಹೆಸರು ಲೆಕ್ಕಕ್ಕೆ ಬರಲಿ ಎಂದು.

1. ಸೀಬರ್ಡ್‌ಗಾಗಿ ಎದ್ದವರ ಪಟ್ಟಿಯನ್ನು ಮತ್ತೆ ತೆರೆಯಿರಿ. ಪಹಣಿ ಇಲ್ಲದ ಕೂಲಿಯವರು, ಮೀನುಗಾರರು, ಗುಡಿಸಲಿನವರು ಯಾರು, ಈಗ ಎಲ್ಲಿದ್ದಾರೆ, ಜಾತಿವಾರು ಪ್ರಕಟಿಸಿ. ಇದರಲ್ಲಿ ರಕ್ಷಣಾ ರಹಸ್ಯ ಏನೂ ಇಲ್ಲ.

2. ಯಾವ ಮಿತ್ರದೇಶದ ಜೊತೆ ಯಾವ ಅಣು ಒಪ್ಪಂದ ಆದರೂ, ಹಾನಿಯ ಹೊಣೆ ಮತ್ತು ತ್ಯಾಜ್ಯ ಇಡುವ ಜಾಗ ಎರಡನ್ನು ಜನರ ಮುಂದೆ ಇಡಿ. ಯಂತ್ರದ ಗುಟ್ಟು ನಿಮ್ಮ ಹತ್ತಿರವೇ ಇರಲಿ. ಗುಂಡಿ ತೋಡುವ ಊರಿನ ಹೆಸರು ಹೇಳಿ. ಆ ಊರಿನ ಗ್ರಾಮಸಭೆಯಲ್ಲಿ ಭೂಮಿ ಇಲ್ಲದವನ ಮತವೂ ಎಣಿಕೆಯಾಗಲಿ.

3. ನೌಕಾಪಡೆಗೂ ಮೀನುಗಾರಿಕಾ ಬೋಟಿಗೂ ಅಪಘಾತವಾದರೆ ನೌಕಾಪಡೆಯೇ ತನಿಖೆ ಮಾಡಿ ನೌಕಾಪಡೆಯೇ ತೀರ್ಪು ಕೊಡುವುದು ಬೇಡ. ಸ್ವತಂತ್ರ ತನಿಖೆ ಬೇಕು.

4. ಡಿಸಿ ಮನ್ನಾ ಭೂಮಿ ಹಂಚಿ. ಇದಕ್ಕೆ ಯಾವ ಮಿತ್ರದೇಶದ ಅನುಮತಿಯೂ ಬೇಡ.

5. ಮಂಗಳೂರು ಪಾಲಿಕೆಯಿಂದ ಹಿಡಿದು ಎಲ್ಲ ಊರಿನಲ್ಲಿ, ಖಾಸಗಿ ಫ್ಲ್ಯಾಟು, ಕಾರ್ಖಾನೆ ಸೇರಿಸಿ, ಗುಂಡಿಗೆ ಯಂತ್ರ ಇಳಿಯಲಿ, ಮನುಷ್ಯ ಇಳಿಯುವುದು ನಿಲ್ಲಲಿ. ಇಳಿಸಿದವನ ಮೇಲೆ ಕೇಸು ಹಾಕಿ. ಪರಿಹಾರದ ಚೆಕ್ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಸಾಕು.

ನಮ್ಮ ಹುಡುಗರಿಗೆ ಒಂದು ಮಾತು. ಆ ವಿಡಿಯೋಕ್ಕೆ ಹೆಬ್ಬೆರಳು ಒತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ. ದೊಡ್ಡ ಯಂತ್ರ ನೋಡಿದರೆ ಯಾರಿಗಾದರೂ ಖುಷಿ ಆಗ್ತದೆ. ನೀವೂ ಇಂಜಿನಿಯರ್ ಆಗಿ, ನೌಕಾಪಡೆ ಸೇರಿ, ರಿಯಾಕ್ಟರ್ ನಡೆಸಿ, ನನಗೆ ಹೆಮ್ಮೆ. ಆದರೆ ಹೆಬ್ಬೆರಳು ಒತ್ತುವ ಮೊದಲು ಕಾಗದ ಓದಿ. ಓದಲು ಬಿಡದೆ ನಮ್ಮ ಅಜ್ಜಂದಿರ ಹೆಬ್ಬೆರಳು ಒತ್ತಿಸಿಕೊಂಡೇ ಈ ಊರಿನ ಎಷ್ಟೋ ಜಾಗ ಕೈ ತಪ್ಪಿತು. ನಾವು ಓದಿದವರು. ಸಹಿ ಯಾರದ್ದು, ದುಡ್ಡು ಯಾರದ್ದು, ಹೊಣೆ ಯಾರದ್ದು ಎಂದು ಮೂರು ಪ್ರಶ್ನೆ ಕೇಳಿ. ಗ್ರಾಮಸಭೆಯಲ್ಲಿ ಕೇಳಿ, ವಾರ್ಡ್ ಸಭೆಯಲ್ಲಿ ಕೇಳಿ, ಓಟು ಕೇಳಲು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಕೇಳಿ.

ಒಪ್ಪಿಗೆಯಾದರೆ ಹಂಚಿ. ಒಪ್ಪಿಗೆಯಾಗದಿದ್ದರೆ ಕಾರಣ ಬರೆಯಿರಿ, ಉತ್ತರ ಕೊಡ್ತೇನೆ. ಜಾತಿ ಹೆಸರು ಹಿಡಿದು ಬಯ್ದರೆ ಸ್ಕ್ರೀನ್‌ಶಾಟ್ ತೆಗೆದಿಡ್ತೇನೆ. ಅದಕ್ಕೂ ಒಂದು ಕಾಯ್ದೆ ಉಂಟು.

ಜೈ ಭೀಮ್.